ಶುಕ್ರವಾರ ಒಂಬತ್ತು ಗಂಟೆಯವರೆಗೆ

ಕರಡು ತೀರ್ಪು ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ ಬಂತು. ಬ್ಯಾರಿಸ್ಟರ್ ರಿಗ್ಬೆ ಅದನ್ನು ಕೊನೆಯ ಪುಟದಿಂದ ಓದತೊಡಗಿದಳು. ಸರ್ಕಾರದ ವಿರುದ್ಧ ವಾದಿಸುತ್ತ ಹದಿಮೂರು ವರ್ಷ ಕಳೆದವಳಿಗೆ ಅದು ರೂಢಿಯಾಗಿಬಿಟ್ಟಿತ್ತು. ಸೋಲು ಕೊನೆಯ ಪುಟದಲ್ಲಿ ಕೂತಿರುತ್ತದೆ, ಮೊದಲು ಅದರ ಮುಖ ನೋಡಿಬಿಟ್ಟರೆ ಉಳಿದದ್ದನ್ನು ಸಾವಕಾಶವಾಗಿ ಓದಬಹುದು. ಆದರೆ ಈ ಸಲ ಅಲ್ಲಿ ಸೋಲು ಇರಲಿಲ್ಲ. ಇಲಾಖೆಯ ನಿರಾಕರಣೆ ಕಾನೂನಿಗೆ ವಿರುದ್ಧ, ಆದ್ದರಿಂದ ರದ್ದು. ಹದಿನೇಳು ವರ್ಷದ ಮೆರ್ಹಾವಿ ಲಂಡನ್ನಿನಲ್ಲಿರುವ ತನ್ನ ಅಕ್ಕನ ಬಳಿಗೆ ಬರಲು ಹತ್ತು ದಿನದೊಳಗೆ ಅನುಮತಿ ಕೊಡತಕ್ಕದ್ದು.

ರಿಗ್ಬೆ ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಅದೇ ಸಾಲನ್ನು ತುಟಿಯಾಡಿಸಿ ಮತ್ತೆ ಓದಿದಳು, ಅವಳ ತಾಯಿ ಬೆಳಗಿನ ಪ್ರಾರ್ಥನೆಯ ಪದ್ಯಗಳನ್ನು ಓದುವ ಹಾಗೆ, ಒಂದೊಂದು ಪದಕ್ಕೂ ಉಸಿರು ಕೊಟ್ಟು.

ಮೊದಲ ಪುಟದಲ್ಲಿ ಎಂದಿನ ಎಚ್ಚರಿಕೆ ಇತ್ತು. ಹೆಸರು, ತಾರೀಕುಗಳಲ್ಲಿ ತಪ್ಪಿದ್ದರೆ ತಿದ್ದಿ ತಿಳಿಸಲೆಂದು ತೀರ್ಪನ್ನು ವಕೀಲರಿಗೆ ಎರಡು ಮೂರು ದಿನ ಮೊದಲೇ ಕಳುಹಿಸುತ್ತಾರೆ. ಅದನ್ನು ಅವರು ಎದೆಯೊಳಗೇ ಇಟ್ಟುಕೊಳ್ಳಬೇಕು. ಕಕ್ಷಿದಾರಳಿಗೆ ಹೇಳಬಹುದಾದದ್ದು ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ತೀರ್ಪು ಹೊರಬೀಳುವ ಒಂದು ಗಂಟೆ ಮೊದಲು. ಅದಕ್ಕೆ ಮುಂಚೆ ಬಾಯಿ ಬಿಟ್ಟರೆ ನ್ಯಾಯಾಂಗ ನಿಂದನೆ. ರಿಗ್ಬೆ ಈ ಮೌನವನ್ನು ಎಷ್ಟೋ ಸಲ ಪಾಲಿಸಿದ್ದಳು. ಕಷ್ಟವೆನಿಸಿರಲಿಲ್ಲ, ಏಕೆಂದರೆ ಬಹಳ ಸಲ ಬಚ್ಚಿಡಬೇಕಾಗಿದ್ದದ್ದು ಸೋಲನ್ನು.

ಫೋನ್ ಬಂತು. ಈ ಕೇಸನ್ನು ಅವಳಿಗೆ ತಂದುಕೊಟ್ಟ ಸಾಲಿಸಿಟರ್ ಗ್ಲೆನಿಸ್. ಅರವತ್ತರ ಹತ್ತಿರದ ವೇಲ್ಸಿನ ಹೆಂಗಸು.

"ಓದಿದ್ಯೇನೇ?"

"ಓದಿದೆ."

"ನಾನು ಕಿರುಚಿಬಿಟ್ಟೆ ಕಣೆ. ಆಫೀಸಿನವರೆಲ್ಲ ಎದ್ದು ಓಡಿಬಂದ್ರು. ಮೊಣಕಾಲು ನೋವು ಅಂದೆ. ಇಷ್ಟು ವರ್ಷದಲ್ಲಿ ಈ ಹಾಳು ಮೊಣಕಾಲಿಂದ ಒಂದು ಉಪಕಾರ ಆಯ್ತು ನೋಡು."

ರಿಗ್ಬೆ ನಕ್ಕಳು. ಕರಡಿನಲ್ಲಿ ಮೆರ್ಹಾವಿಯ ಹೆಸರಿನ ಒಂದಕ್ಷರ ತಪ್ಪಿತ್ತು. ಅದನ್ನು ಗುರುತು ಮಾಡಿಟ್ಟಳು.

ಐದು ಗಂಟೆಗೆ ಅಬ್ರೆಹೆತ್ ಫೋನ್ ಮಾಡಿದಳು. ಅವಳೇ ಮೆರ್ಹಾವಿಯ ಅಕ್ಕ. ಅವನಿಗೆ ಆರು ತಿಂಗಳಿದ್ದಾಗ ತಾಯಿ ಸತ್ತಳು. ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಇವಳು. ಎರಿಟ್ರಿಯಾ ಬಿಟ್ಟು ಬಂದು, ನಿರಾಶ್ರಿತಳೆಂದು ಕಾಗದ ಸಿಕ್ಕಿ, ಈಗ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಸೈನ್ಯದ ಕಡ್ಡಾಯ ದುಡಿಮೆಗೆ ಎಳೆದುಕೊಂಡು ಹೋಗುವ ಮುಂಚೆ ತಮ್ಮನೂ ಓಡಿಬಂದು, ಸಮುದ್ರದ ಆಚೆ ದಡದಲ್ಲಿ, ಫ್ರಾನ್ಸಿನ ಒಂದು ಕುರುಚಲು ಕಾಡಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಹನ್ನೊಂದು ತಿಂಗಳಿಂದ ಕೂತಿದ್ದ.

ರಿಗ್ಬೆ ಅವನನ್ನು ಫೋನಿನ ಪರದೆಯಲ್ಲಿ ಮಾತ್ರ ಕಂಡಿದ್ದಳು. ಮೊದಲ ದಿನವೇ ಅವನು ಕೇಳಿದ್ದ: "ಆ ಕುದುರೆ ಕೂದಲಿನ ಟೋಪಿ ಹಾಕ್ಕೊಂಡು ವಾದ ಮಾಡ್ತೀಯಂತಲ್ಲ ಅಕ್ಕಾ, ಅದರಲ್ಲಿ ಹೇನಾಗಲ್ವಾ? ನಾನು ಬಂದ್ಮೇಲೆ ಒಂದ್ಸಲ ನಂಗೂ ಕೊಡ್ಬೇಕು."

"ಹಫ್ತೈ," ಎಂದಳು ಅಬ್ರೆಹೆತ್. ಎರಿಟ್ರಿಯಾದಿಂದ ಬಂದ ಮನೆತನದ ರಿಗ್ಬೆಗೂ ಅವಳಿಗೂ ಒಂದೇ ಭಾಷೆ, ಅದರಲ್ಲಿ ಅಕ್ಕನಿಗೂ ತಂಗಿಗೂ ಅದೊಂದೇ ಕರೆ. "ಮೆರ್ಹಾವಿ ಮಾತಾಡ್ದ. ಗುರುವಾರ ಬೆಳಗಿನ ಜಾವ ಗಾಳಿ ಬೀಳುತ್ತಂತೆ. ಜೊತೇಲಿರೋರೆಲ್ಲ ದೋಣಿ ಹತ್ತಾರಂತೆ. ನಾನೊಬ್ನೇ ಇಲ್ಲಿ ಮರ ಎಣಿಸ್ತಾ ಕೂರ್ಲಾ ಅಂತಾನೆ."

"ಬೇಡ ಅನ್ನು."

"ಹನ್ನೊಂದು ತಿಂಗಳಿಂದ ಅದನ್ನೇ ಅಂತಿದೀನಿ. ಕೇಸು ಗೆಲ್ತೀವಿ ಅನ್ನೋ ಒಂದು ಮಾತಿನ ಹಗ್ಗದಲ್ಲಿ ಅವನನ್ನ ಕಟ್ಟಿಹಾಕಿದೀನಿ. ಏನಾದ್ರೂ ಬಂತಾ ಹಫ್ತೈ?"

ರಿಗ್ಬೆಯ ಎದುರಿಗೇ ಆ ಕಾಗದಗಳಿದ್ದವು. ಅವುಗಳನ್ನು ಮಗುಚಿಟ್ಟಳು, ಫೋನಿನ ಆಚೆಗೂ ಕಂಡುಬಿಡುತ್ತವೋ ಎನ್ನುವ ಹಾಗೆ.

"ನಾಳೆ ಬೆಳಗ್ಗೆ ಏಳೂವರೆಗೆ ನಮ್ಮ ಆಫೀಸಿಗೆ ಬಾ. ಗ್ಲೆನಿಸೂ ಇರ್ತಾಳೆ. ಫೋನಲ್ಲಿ ಬೇಡ."

"ಆಯ್ತು," ಎಂದಳು ಅಬ್ರೆಹೆತ್.

ರಿಗ್ಬೆ ಆಗಲೇ ನ್ಯಾಯಮೂರ್ತಿಯ ಗುಮಾಸ್ತನಿಗೆ ಬರೆದಳು: ಒಂದು ಜೀವದ ಪ್ರಶ್ನೆ, ಕಕ್ಷಿದಾರಳಿಗೆ ಫಲಿತಾಂಶವನ್ನು ತಕ್ಷಣ ತಿಳಿಸಲು ಅಪ್ಪಣೆಯಾಗಬೇಕು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ನ್ಯಾಯಮೂರ್ತಿಗಳು ಬೇರೆ ಊರಿನಲ್ಲಿ ಕಲಾಪದಲ್ಲಿದ್ದಾರೆ, ಅವರ ಗಮನಕ್ಕೆ ತರಲಾಗುವುದು.

ರಿಗ್ಬೆ ಮನೆಗೆ ಹೋದಾಗ ತಾಯಿ ಹಿಂಬಾಷಾ ರೊಟ್ಟಿ ಸುಡುತ್ತಿದ್ದಳು. ಏಲಕ್ಕಿಯ ವಾಸನೆ ಮೆಟ್ಟಿಲವರೆಗೆ ಬಂದಿತ್ತು. "ನಾಳೆ ಬೆಳಗ್ಗೆಗೆ ಒಂದು ಕೊಡು ಅದೈ," ಎಂದಳು ರಿಗ್ಬೆ, ಅಮ್ಮನನ್ನು ತಮ್ಮ ಭಾಷೆಯಲ್ಲಿ ಕರೆದು. "ಆಸ್ಪತ್ರೇಲಿ ಕೆಲಸ ಮುಗಿಸ್ಕೊಂಡು ಹೊಟ್ಟೆಗಿಲ್ದೆ ಬರ್ತಾಳೆ, ಪಾಪ." ಯಾರು, ಏಕೆ ಎಂದು ತಾಯಿ ಕೇಳಲಿಲ್ಲ. ಮಗಳ ಕೆಲಸದ ಗುಟ್ಟುಗಳಿಗೆ ಅವಳು ಹೊಂದಿಕೊಂಡಿದ್ದಳು.

ಬುಧವಾರ ಏಳೂವರೆಗೆ ಸರಿಯಾಗಿ ಅಬ್ರೆಹೆತ್ ಬಂದಳು. ಕೈಬೆರಳುಗಳು ಬಿಸಿನೀರಿಗೆ ನೆನೆದು ಬಿಳಚಿಕೊಂಡಿದ್ದವು. ಬಿಳಿಯ ತೆಳು ಶಾಲು ಹೊದ್ದಿದ್ದಳು. ಒಳಗೆ ಇಬ್ಬರು ಕಾದು ನಿಂತಿದ್ದನ್ನೂ, ಮೇಜಿನ ಮೇಲೆ ರೊಟ್ಟಿಯನ್ನೂ, ಕಾಫಿಯನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಬಾ, ಕೂತ್ಕೋ," ಎಂದಳು ರಿಗ್ಬೆ. "ಮೊದ್ಲು ತಿನ್ನು."

"ಹಸಿವಿಲ್ಲ ಹಫ್ತೈ. ಹೇಳು."

"ತಿನ್ನು. ಆಮೇಲೆ ಮಾತು."

ನಗು ಬಂದೀತೆಂದು ರಿಗ್ಬೆ ತುಟಿ ಬಿಗಿಹಿಡಿದಿದ್ದಳು. ಕಣ್ಣು ಹೇಳಿಬಿಟ್ಟೀತೆಂದು ಅವಳ ಕಣ್ಣನ್ನು ನೋಡಲಿಲ್ಲ. ಗ್ಲೆನಿಸ್ ಕಿಟಕಿಯ ಕಡೆ ತಿರುಗಿ ಕೆಳಗೆ ನದಿ ನೋಡುತ್ತ ನಿಂತಿದ್ದಳು. ವಾಚಾಳಿ ಹೆಂಗಸು, ಆ ದಿನ ಒಂದು ತಮಾಷೆಯ ಮಾತನ್ನೂ ಆಡಲಿಲ್ಲ. ಅಬ್ರೆಹೆತ್ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅಗಿಯುತ್ತಲೇ ಇದ್ದಳು, ನುಂಗಲಿಲ್ಲ.

"ಶುಕ್ರವಾರ ತೀರ್ಪು ಬರುತ್ತೆ," ಎಂದಳು ರಿಗ್ಬೆ. "ಅಲ್ಲೀವರೆಗೆ ಅವನು ದೋಣಿ ಹತ್ತಬಾರದು. ನಿನ್ನ ತಾಯಿ ಮೇಲೆ ಆಣೆ ಇಟ್ಟು ಹೇಳು."

"ತೀರ್ಪು ಏನು?"

"ಅದನ್ನ ಹೇಳೋ ಹಾಗಿಲ್ಲ."

"ನಿಂಗೆ ಗೊತ್ತು."

ರಿಗ್ಬೆ ಕಾಫಿಯನ್ನು ಅವಳ ಕಡೆ ಸರಿಸಿದಳು. ಗೊತ್ತಿಲ್ಲವೆಂದರೆ ಸುಳ್ಳು, ಗೊತ್ತೆಂದರೆ ಅರ್ಧ ಹೇಳಿದಂತೆ. ನಾಲಿಗೆಯ ತುದಿಯಲ್ಲಿದ್ದ ಮಾತು ಒಂದೇ ಒಂದು. ಅದನ್ನು ಆಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾಳೆ ಅಬ್ರೆಹೆತ್‌ಳಂಥ ಇನ್ನೊಬ್ಬಳಿಗಾಗಿ ಅದೇ ಕೋರ್ಟಿನ ಮುಂದೆ ತಾನು ನಿಂತಾಗ ತನ್ನ ಮಾತಿನ ಹಿಂದೆ ಇರುವುದು ಇದೊಂದೇ ಅಲ್ಲವೇ, ಕೊಟ್ಟ ನಂಬಿಕೆ ಉಳಿಸಿಕೊಂಡವಳೆಂಬುದು? ಹಾಗೆಂದುಕೊಂಡಳು. ಎರಡೇ ದಿನ ಎಂದುಕೊಂಡಳು. ಇಷ್ಟು ಒತ್ತಿ ಹೇಳುತ್ತಿದ್ದೇನೆ, ತಿಳಿಯದೇ ಇರುತ್ತದೆಯೇ ಎಂದುಕೊಂಡಳು.

"ಕಾಯಿ," ಎಂದಳು. "ಇಷ್ಟು ಮಾತ್ರ ನಡೆಸಿಕೊಡು."

ಅಬ್ರೆಹೆತ್ ಎದ್ದಳು. ಶಾಲನ್ನು ಬಿಚ್ಚಿ, ಅದರ ಬಣ್ಣದ ಅಂಚು ಕತ್ತಿನ ಸುತ್ತ ಮೇಲಕ್ಕೆ ಬರುವ ಹಾಗೆ ತಿರುಗಿಸಿ ಹೊದ್ದುಕೊಂಡಳು. ಹೊರಗೆ ಚಳಿಯಿದೆ ಎಂದುಕೊಂಡಳು ರಿಗ್ಬೆ. ಇಬ್ಬರ ಕೆನ್ನೆಗೂ ಮೂರು ಮೂರು ಸಲ ಕೆನ್ನೆ ತಾಗಿಸಿ, ಕಾಫಿಯನ್ನು ಮುಟ್ಟದೆ ಹೊರಟುಹೋದಳು.

"ತಿಳ್ಕೊಂಡ್ಲು ಅನ್ಸುತ್ತೆ," ಎಂದಳು ಗ್ಲೆನಿಸ್.

"ತಿಳ್ಕೊಂಡ್ಲು," ಎಂದಳು ರಿಗ್ಬೆ.

ಗುರುವಾರ ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ ನ್ಯಾಯಮೂರ್ತಿಯ ಉತ್ತರ ಬಂತು. ಒಂದೇ ಸಾಲು. ಅಪ್ಪಣೆ ಇದೆ, ತಿಳಿಸಬಹುದು. ರಿಗ್ಬೆ ನಿಂತಲ್ಲೇ ಅಬ್ರೆಹೆತ್‌ಗೆ ಫೋನ್ ಮಾಡಿದಳು.

"ಗೆದ್ವಿ! ಅಬ್ರೆಹೆತ್, ಗೆದ್ವಿ ಕಣೆ! ಹತ್ತು ದಿನದಲ್ಲಿ ಅವನು ವಿಮಾನ ಹತ್ತಿ ಬರ್ತಾನೆ!"

ಆ ಕಡೆ ಒಗೆಯುವ ಯಂತ್ರಗಳ ಗುಡುಗು ಮಾತ್ರ ಕೇಳಿಸುತ್ತಿತ್ತು.

"ಕೇಳಿಸ್ತಾ?"

"ಅವನು ಹೋದ ಹಫ್ತೈ. ನಾಲ್ಕೂವರೆಗೆ. ದೋಣಿ ಹತ್ತೋ ಮುಂಚೆ ಫೋನ್ ಮಾಡಿದ್ದ. ಆಮೇಲಿಂದ ಫೋನಿಲ್ಲ."

"ಕಾಯಿ ಅಂತ ಹೇಳಿದ್ದೆನಲ್ಲ ನಿಂಗೆ!"

"ನೀನು ನಂಗೆ ರೊಟ್ಟಿ ತಿನ್ನಿಸ್ದೆ." ಅಬ್ರೆಹೆತ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ದಾರಿ ಹೇಳಿಕೊಡುವವಳ ಹಾಗೆ ಹೇಳುತ್ತಿದ್ದಳು. "ಫೋನಲ್ಲಿ ಬೇಡ ಅಂದೆ. ಬೆಳಗ್ಗೆ ಬಾ ಅಂದೆ. ಇಬ್ಬರು ಸೇರ್ಕೊಂಡು ನಿಂತಿದ್ರಿ. ಮೊದ್ಲು ತಿನ್ನು ಆಮೇಲೆ ಮಾತು ಅಂದೆ. ನನ್ನ ಮುಖ ನೋಡ್ಲಿಲ್ಲ. ಹಫ್ತೈ, ನಮ್ಮಲ್ಲಿ ಹಾಗೆ ಹೇಳೋದು ಯಾವ ಸುದ್ದೀನ? ನಂಗೆ ಅರ್ಥವಾಯ್ತು. ಅವನಿಗೆ ಹೇಳ್ದೆ, ಸೋತ್ವಿ, ಇನ್ನು ನಿನ್ನಿಷ್ಟ ಅಂತ."

ರಿಗ್ಬೆಗೆ ಹಳೆಯದೊಂದು ಬೆಳಗು ನೆನಪಾಯಿತು. ಆಗ ಅವಳಿಗೆ ಒಂಬತ್ತು ವರ್ಷ, ಲಂಡನ್ನಿನದೇ ಮನೆ. ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತಟ್ಟಿದರು. ಐದಾರು ಹೆಂಗಸರು, ಒಬ್ಬಳ ಕೈಯಲ್ಲಿ ರೊಟ್ಟಿ, ಒಬ್ಬಳ ಕೈಯಲ್ಲಿ ಕಾಫಿ ಪಾತ್ರೆ. ಬಲವಂತ ಮಾಡಿ ಅಮ್ಮನಿಗೆ ತಿನ್ನಿಸಿದರು. ಅಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕೆಂದು. ಆಮೇಲೆ ಹೇಳಿದರು, ಅಸ್ಮಾರಾದಲ್ಲಿ ಅಜ್ಜ ತೀರಿಕೊಂಡು ನಾಲ್ಕು ದಿನವಾಯಿತೆಂದು. ಸಾವಿನ ಸುದ್ದಿಯನ್ನು ಅವರು ಫೋನಿನಲ್ಲಿ ಹೇಳುವುದಿಲ್ಲ, ಒಂಟಿಯಾಗಿ ಹೇಳುವುದಿಲ್ಲ, ಹಸಿದವರಿಗೆ ಹೇಳುವುದಿಲ್ಲ. ಆಗ ಅಮ್ಮ ಸೂತಕದ ಗುರುತಾಗಿ ಶಾಲಿನ ಅಂಚನ್ನು ಕತ್ತಿಗೆ ತಿರುಗಿಸಿಕೊಂಡಿದ್ದಳು. ಇದೆಲ್ಲ ರಿಗ್ಬೆಗೆ ಗೊತ್ತಿತ್ತು. ಅವಳ ಕಾನೂನಿನ ಮೌನ ನೋಡುವುದಕ್ಕೆ ಹೀಗೇ ಇರುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಶುಕ್ರವಾರ ಹತ್ತಕ್ಕೆ ತೀರ್ಪು ಹೊರಬಿತ್ತು. ಮೆರ್ಹಾವಿಯ ಹೆಸರು ತಿದ್ದಿದಂತೆ ಸರಿಯಾಗಿ ಅಚ್ಚಾಗಿತ್ತು.

ಶನಿವಾರ ಸಂಜೆ ಗ್ಲೆನಿಸ್ ರಿಗ್ಬೆಯ ಮನೆಗೆ ಬಂದಳು. ಫ್ರೆಂಚ್ ಪೊಲೀಸರು ಅವಳ ಆಫೀಸಿಗೆ ಫೋನ್ ಮಾಡಿದ್ದರು. ದಡಕ್ಕೆ ಕೊಚ್ಚಿಬಂದ ಹುಡುಗನ ಹೆಣದ ಜೇಬಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಕಾಗದವಿತ್ತಂತೆ: ವಕೀಲರ ಹೆಸರು, ಫೋನ್ ಸಂಖ್ಯೆ. ಜೊತೆಗಿದ್ದವನೊಬ್ಬ ಗುರುತು ಹಿಡಿದಿದ್ದ.

"ನಾನು ಈಗ್ಲೇ ಹೋಗಿ ಹೇಳ್ತೀನಿ," ಎಂದಳು ಗ್ಲೆನಿಸ್, ಕಣ್ಣೊರೆಸಿಕೊಳ್ಳುತ್ತ.

"ಬೇಡಮ್ಮ," ಎಂದಳು ರಿಗ್ಬೆಯ ತಾಯಿ. ಹಿಟ್ಟಿನ ಡಬ್ಬಿ ಆಗಲೇ ಅವಳ ಕೈಯಲ್ಲಿತ್ತು. "ಇವತ್ತೊಂದು ಹೊತ್ತಾದ್ರೂ ಅವಳು ತಮ್ಮ ಇದಾನೆ ಅಂದ್ಕೊಂಡು ಮಲಗ್ಲಿ. ಬೆಳಗ್ಗೆ ಎಲ್ಲ ಸೇರಿ ಹೋಗೋಣ."

ಭಾನುವಾರ ಬೆಳಕು ಹರಿಯುವಾಗ ನಾಲ್ವರು ಸ್ಟಾಕ್‌ವೆಲ್ಲಿನ ಆ ಮೂರನೆಯ ಮಹಡಿ ಹತ್ತಿದರು: ತಾಯಿ, ಚರ್ಚಿನ ಒಬ್ಬ ಮುದುಕಿ, ಗ್ಲೆನಿಸ್, ರಿಗ್ಬೆ. ರೊಟ್ಟಿ ರಿಗ್ಬೆಯ ಕೈಯಲ್ಲಿತ್ತು, ಬಟ್ಟೆಯೊಳಗೆ ಇನ್ನೂ ಬೆಚ್ಚಗೆ. ತಾಯಿ ಮೆಟ್ಟಿಲುದ್ದಕ್ಕೂ ಪ್ರಾರ್ಥನೆಯ ಪದ್ಯವನ್ನು ಉಸಿರಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಬಾಗಿಲ ಮುಂದೆ ನಿಲ್ಲಿಸಿದಳು.

ಅಬ್ರೆಹೆತ್ ತಟ್ಟುವ ಮೊದಲೇ ಬಾಗಿಲು ತೆರೆದಳು. ಫೋನ್ ಕೈಯಲ್ಲೇ ಇತ್ತು. ನಾಲ್ಕು ಮುಖಗಳನ್ನು ನೋಡಿದಳು. ರೊಟ್ಟಿಯನ್ನು ನೋಡಿದಳು. ಆಮೇಲೆ ಅವಳ ಮುಖದಲ್ಲಿ ರಿಗ್ಬೆ ಎಣಿಸಿರದ ಒಂದು ಬೆಳಕು ಬಂತು. ಮುಂದೆ ಬಂದು ರೊಟ್ಟಿ ಹಿಡಿದ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಹೋದ ಸಲಾನೂ ಹೀಗೇ ಮಾಡಿದ್ರಿ," ಎಂದಳು. "ರೊಟ್ಟಿ ತಂದಿದ್ರಿ, ಮುಖ ಹೀಗೇ ಇಟ್ಕೊಂಡಿದ್ರಿ. ಅವತ್ತು ನಾನು ತಪ್ಪು ತಿಳ್ಕೊಂಡೆ. ಅದು ಒಳ್ಳೇ ಸುದ್ದಿ ಆಗಿತ್ತು. ಇವತ್ತೂ ಹಾಗೇನೇ ಅಲ್ವಾ ಹಫ್ತೈ? ತಿಂತೀನಿ, ನೀನು ಹೇಳಿದಷ್ಟೂ ತಿಂತೀನಿ. ಅವನು ಸಿಕ್ಕಿದ್ನಾ?"

ಅವಳು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ರಿಗ್ಬೆಯನ್ನೇ ನೋಡುತ್ತ ಅಗಿದಳು, ನುಂಗಿದಳು, ಇನ್ನೊಂದು ಚೂರು ಮುರಿದಳು.

ರಿಗ್ಬೆ ಈ ಸಲ ಅವಳ ಕಣ್ಣಿನಿಂದ ಕಣ್ಣು ಕೀಳಲಿಲ್ಲ.