ಹದಿನೇಳು ಹೊಸಿಲು

ಮಗು ಹೋಗಿ ಮೂವತ್ತನೆಯ ದಿನ. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರು ಮೆಟಿಲ್ಡಾಳ ಮನೆಯಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಡಾಕ್ಟರ್ ಕಯಲ್ವಿಳಿ ತೂತುಕುಡಿಯ ಬಸ್ಸಿಳಿದು, ಮರಳಿನಲ್ಲಿ ಚಪ್ಪಲಿ ಎಳೆಯುತ್ತಾ ಬಂದಳು. ಮೆಟಿಲ್ಡಾಳ ಐದು ವರ್ಷದ ಮಗ ಅರುಳನಿಗೆ ಗಂಟಲ ಆಪರೇಷನ್ನಿಗೆ ಮೊದಲು ಮತ್ತಿನ ಮದ್ದು ಕೊಟ್ಟವಳು ಅವಳೇ. ತೆಳುಮಾಡಿ ಕೊಡಬೇಕಿದ್ದ ಮದ್ದನ್ನು ಹಾಗೆಯೇ ಚುಚ್ಚಿದವಳೂ ಅವಳೇ. ಮಗು ಮತ್ತೆ ಕಣ್ಣು ತೆರೆಯಲಿಲ್ಲ.

ಅಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಹೊರಗೆ ಬಂದು ಮೆಟಿಲ್ಡಾಳನ್ನು ಒಂದೇ ಮಾತು ಕೇಳಿದ್ದರು: "ಬೆಳಿಗ್ಗೆ ಹುಡುಗನಿಗೆ ಏನಾದ್ರೂ ತಿನ್ನಿಸಿದ್ಯೇನಮ್ಮಾ?"

ಹಸಿವೆಂದು ಅತ್ತವನ ಬಾಯಿಗೆ ಒಂದು ಚೂರು ತಾಳೆಬೆಲ್ಲ ಇಟ್ಟಿದ್ದಳು; ಹೂಂ ಎಂದಳು. ಅವರು ತಲೆಯಾಡಿಸಿ ಒಳಗೆ ಹೋದರು. ಅಷ್ಟೇ. ಖಾಲಿ ಹೊಟ್ಟೆಯಲ್ಲಿರಬೇಕಿದ್ದ ಮಗುವಿಗೆ ತಾಯಿಯೇ ತಿನ್ನಿಸಿ ಕೊಂದಳೆಂದು ಮಿಕ್ಕದ್ದನ್ನು ಬೀದಿ ತಾನೇ ಹೇಳಿಕೊಂಡಿತು. ಕಯಲ್ವಿಳಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಸುಮ್ಮನಿದ್ದಳು.

"ಬನ್ನಿ ಡಾಕ್ಟರಮ್ಮಾ," ಮೆಟಿಲ್ಡಾಳ ಅತ್ತೆ ಜೆಸಿಂತಾ ಬೆಂಚು ಎಳೆದಳು. "ಕಾಫಿ ನಾನೇ ತರ್ತೀನಿ. ನಮ್ಮ ಸೊಸೆ ಕೈಯಿಂದ ಈಗ ಬೀದಿ ನಾಯೀನೂ ತಿನ್ನಲ್ಲ."

ಯಾರೋ ಕಿಸಕ್ಕೆಂದರು. ಮೆಟಿಲ್ಡಾ ತಲೆ ಎತ್ತದೆ ಲೋಟ ತೊಳೆಯುತ್ತಿದ್ದಳು.

ಕಯಲ್ವಿಳಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಗಾಳಿಗೆ ಬಿಟ್ಟ ಹತ್ತಿಯಂತೆ ಎತ್ತಲೋ ಹೋದವು.

"ಅಕ್ಕಾ, ಅದು ಬೆಲ್ಲದಿಂದಲ್ಲ. ನನ್ನಿಂದ. ಮದ್ದು ಹೆಚ್ಚಾಗಿ ಕೊಟ್ಬಿಟ್ಟೆ."

ತೊಳೆಯುವ ಕೈ ನಿಂತಿತು. "ಯಾವಾಗ ಗೊತ್ತಾಯ್ತು?"

"ಆವತ್ತೇ."

"ಆವತ್ತೇನಾ..." ಮೆಟಿಲ್ಡಾ ಲೋಟದೊಳಗೇ ನೋಡುತ್ತಿದ್ದಳು. "ಅವನ ಫೋಟೋ ಮುಂದೆ ನಿಂತ್ಕೊಳ್ಳೋಕೂ ನಂಗೆ ಹೆದರಿಕೆ ಆಗ್ತಿತ್ತಲ್ಲಾ ತಂಗೀ."

ಕ್ಷಮೆ ಕೇಳಲೆಂದೇ ಬಂದಿದ್ದಳು ಕಯಲ್ವಿಳಿ. ಆ ಮಾತು ನಾಲಿಗೆಗೆ ಬರುವ ಮೊದಲೇ ಮೆಟಿಲ್ಡಾ ಒದ್ದೆ ಕೈಯಿಂದ ಅವಳ ಮಣಿಕಟ್ಟು ಹಿಡಿದು ಎಬ್ಬಿಸಿದಳು.

"ನಮ್ಮತ್ತೆಗೆ ಹೇಳಿ."

ಹೇಳಿದಳು. ಜೆಸಿಂತಾಳ ಕೈಯ ಕಾಫಿ ಸೆರಗಿನ ಮೇಲೆ ಚೆಲ್ಲಿತು.

"ಜೋರಾಗಿ. ಅಂಗಳಕ್ಕೆಲ್ಲ ಕೇಳ್ಲಿ."

ಹೇಳಿದಳು. ಗಂಡಸೊಬ್ಬ ಹೊಡೆಯಲೆಂದೇ ಎದ್ದ. ಮೆಟಿಲ್ಡಾ ಅಡ್ಡ ನಿಂತಳು. "ಮುಟ್ಬೇಡ ಅಣ್ಣಾ. ಇವರ ಬಾಯಿ ನಂಗೆ ಬೇಕು."

ಆಮೇಲೆ ಪಕ್ಕದ ಮನೆ. ಅದರ ಪಕ್ಕದ್ದು. ಹೊಸಿಲು ಹೊಸಿಲಿಗೂ ಅದೇ ಮಾತು. ಮೂರನೆಯ ಮನೆಯಲ್ಲಿ ಕಯಲ್ವಿಳಿಯ ದನಿ ಹೊರಡದೆ ತುಟಿಗಳು ಮಾತ್ರ ಅಲುಗಿದವು. ಮೆಟಿಲ್ಡಾಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಹಿಡಿದ ಕೈ ಮಾತ್ರ ಬಿಡಲಿಲ್ಲ. ಆ ಮನೆಯವರಿಂದ ಒಂದು ಚೊಂಬು ನೀರು ಕೇಳಿ ಅವಳ ಬಾಯಿಗೆ ಹಿಡಿದಳು.

"ಕುಡೀರಿ. ಇನ್ನೂ ಹದಿನಾಲ್ಕು ಮನೆ ಇದೆ."