ಮೂವತ್ತೈದರ ಲೆನ್ಸಿನ ದೋಷ

"ಇನ್ನೂರು, ಇನ್ನೂರು, ನೂರಾ ಎಂಬತ್ತು, ಮತ್ತ ಇನ್ನೂರು. ಇಡೀ ಮದುವ್ಯಾಗ ಯಾರ ಹತ್ರಾನೂ ಹೋಗೇ ಇಲ್ಲಲ್ಲವಾ ನೀ?"

ಮುರಿಗೆಪ್ಪ ಕನ್ನಡಕವನ್ನು ಹಣೆಗೇರಿಸಿ ಗುಲಾಫಶಾಳನ್ನು ನೋಡಿದ. ಫೋರ್ಟಿನ ಗಲ್ಲಿಯಲ್ಲಿ ಹಳೆಯ ಲೆನ್ಸುಗಳ ಅಂಗಡಿ ಇಟ್ಟಿದ್ದ ಈ ಧಾರವಾಡದ ಮುದುಕ ಯಾರಿಗೂ ಸುಮ್ಮನೆ ಲೆನ್ಸ್ ಕೊಡುತ್ತಿರಲಿಲ್ಲ. ಮೊದಲು ಅವರ ಕ್ಯಾಮೆರಾದ ಕಾರ್ಡು ಇಸಿದುಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದ. ಲೆನ್ಸನ್ನು ಎಷ್ಟು ಎಳೆದು ತೆಗೆದದ್ದೆಂಬ ಅಂಕಿ ಪ್ರತಿ ಫೋಟೊದ ಜೊತೆಗೂ ಉಳಿದಿರುತ್ತದೆ. ದೂರ ನಿಂತವರ ಅಂಕಿ ದೊಡ್ಡದು. ಅದನ್ನೆಲ್ಲ ಕುಂಡಲಿ ಓದಿದ ಹಾಗೆ ಓದಿ ಮುಗಿಸಿದ ಮೇಲೆಯೇ ವ್ಯಾಪಾರದ ಮಾತು.

"ದೂರದಿಂದ ತಗದ್ರ ಯಾರಿಗೂ ತ್ರಾಸ ಇರಂಗಿಲ್ಲ ಕಾಕಾ," ಎಂದಳು ಗುಲಾಫಶಾ.

"ಯಾರಿಗೂ ಅಂದ್ರ ಯಾರಿಗೆ?"

ಹೆಂಗಸರ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ಬರಬಾರದೆನ್ನುವ ಮನೆಗಳೇ ಅವಳ ಅನ್ನ. ಸಾಂತಾಕ್ರೂಜ್‌ನಲ್ಲಿರುವ ವಿಜಯಪುರದ ಕಡೆಯವರೆಲ್ಲ ತಮ್ಮಲ್ಲಿ ಹಿರಿಯಳಾದ ಅಕ್ಬರಬಿಯನ್ನು ಕೇಳಿಯೇ ಅವಳನ್ನು ಕರೆಯುತ್ತಿದ್ದರು. ಆ ಅಕ್ಬರಬಿ ಹೋದ ವರ್ಷ ಹಿರಿಯ ಮೊಮ್ಮಗಳ ಮದುವೆಯ ಆಲ್ಬಮ್ ಮಡಚಿಟ್ಟು, ಕಿಡಕಿಯಿಂದ ಕದ್ದು ನೋಡಿದಂಗ ಐತಲ್ಲ ಎಂದಿದ್ದಳು. ಈಗ ಕಿರಿಯಳ ಮದುವೆ; ಅರಿಶಿನ ಬರುವ ಶುಕ್ರವಾರ. ಈ ಸಲವೂ ಹಾಗೇ ಆದರೆ ಬೇರೆಯವರನ್ನು ನೋಡುತ್ತೇನೆಂದು ಫೋನಿನಲ್ಲಿ ಮೆತ್ತಗೆ ಹೇಳಿದ್ದಳು. ಆ ಒಂದು ಮನೆ ಹೋದರೆ ಅದರ ಹಿಂದೆ ನಲವತ್ತು ಮನೆ ಹೋದಂತೆ.

ಹತ್ತಿರ ಹೋಗದಿರಲು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಒಂದು ಮದುವೆಯಲ್ಲಿ ಹೆಂಗಸರು ಸುತ್ತುವರಿದು ನಿನ್ನ ಗಂಡ ಏನು ಮಾಡ್ತಾನೆ ಎಂದು ಕೇಳಿದಾಗ, ಸಾಕಾಗಿ, ದುಬೈಯಲ್ಲಿದ್ದಾನೆ ಎಂದುಬಿಟ್ಟಿದ್ದಳು. ಮುಂದಿನ ಮದುವೆಗೆ ಆ ಇಲ್ಲದ ಗಂಡನಿಗೊಂದು ನೌಕರಿ ಬೇಕಾಯಿತು. ಅದರ ಮುಂದಿನದಕ್ಕೆ ಅವನು ಈದಿಗೂ ಯಾಕೆ ಬರಲಿಲ್ಲವೆಂಬುದಕ್ಕೆ ಕಾರಣ ಬೇಕಾಯಿತು. ಯಾವ ಮನೆಯಲ್ಲಿ ಏನು ಹೇಳಿದ್ದೆನೆಂದು ನೆನಪಿಡುವುದಕ್ಕಿಂತ ಹೊಸ್ತಿಲ ಹೊರಗೆ ನಿಲ್ಲುವುದು ಸುಲಭವಾಗಿತ್ತು. ಉದ್ದ ಲೆನ್ಸ್ ಕೊಂಡದ್ದು ಆಗಲೇ.

ಮುರಿಗೆಪ್ಪ ಮುಷ್ಟಿಯಷ್ಟು ಗಾತ್ರದ ಒಂದು ಲೆನ್ಸನ್ನು ಅವಳ ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿದ. ಮೂವತ್ತೈದರದು, ಎಳೆಯಲು ಬರುವುದಿಲ್ಲ, ಬೇಕಾದರೆ ಕಾಲೇ ಮುಂದೆ ಹೋಗಬೇಕು ಎಂದ. ತನ್ನದೇ ಫೋಟೊ ತೆಗೆಯೆಂದ. ಅವಳು ತೆಗೆದಳು. ಪರದೆಯ ಮೇಲೆ ಅಂಗಡಿ ಪೂರಾ ಬಂದಿತ್ತು, ಮುರಿಗೆಪ್ಪ ಹೆಬ್ಬೆರಳಷ್ಟಿದ್ದ. ಇನ್ನೂ ಹತ್ತಿರ ಎಂದ. ಇನ್ನೂ. ಕೈಚಾಚಿದರೆ ಮುಟ್ಟುವಷ್ಟು ಸಮೀಪದಿಂದ ಅವನ ಕಿವಿಯ ಬಿಳಿಗೂದಲು ಕಂಡಿತು, ಬಾಯಿಯ ಅಡಿಕೆಯ ವಾಸನೆ ಬಂತು. ಅವಳು ಉಸಿರು ಹಿಡಿದು ಗುಂಡಿ ಒತ್ತಿದಳು.

"ಇದಕ್ಕ ಒಂದ ದೋಷ ಐತಿ, ಮೊದಲ ಹೇಳಿಬಿಡ್ತೀನಿ," ಎಂದ ಅವನು. "ಹತ್ರ ಹೋದ್ರ ಮಂದಿ ಮಾತಾಡಸ್ತಾರ. ಅದಕ್ಕ ರಿಪೇರಿ ಇಲ್ಲ."

ಉದ್ದ ಲೆನ್ಸನ್ನು ಬದಲಿಗೆ ಅವನಿಗೆ ಬಿಟ್ಟು, ಗಿಡ್ಡದನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು. ಇಳಿಯುವಾಗ ಚೀಲ ತೀರಾ ಹಗುರವೆನಿಸಿ ಎರಡು ಸಲ ಮುಟ್ಟಿ ನೋಡಿಕೊಂಡಳು.

ಶುಕ್ರವಾರ ಮಧ್ಯಾಹ್ನ ಅಕ್ಬರಬಿಯ ಚಾಳಿನ ಹತ್ತಡಿ ಕೋಣೆಯಲ್ಲಿ ಇಪ್ಪತ್ತು ಹೆಂಗಸರಿದ್ದರು. ಹಳದಿ ಸೀರೆಯ ಮದುಮಗಳು ಶಬ್ರೀನ ತಲೆ ತಗ್ಗಿಸಿ ಕೂತಿದ್ದಳು. ಬೆಳಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ. ಗುಲಾಫಶಾ ಅಭ್ಯಾಸದಂತೆ ಹೊಸ್ತಿಲಲ್ಲಿ ನಿಂತು ಒಂದು ಫೋಟೊ ತೆಗೆದಳು. ಅದರಲ್ಲಿ ಗೋಡೆ, ಫ್ಯಾನು, ಚಪ್ಪಲಿಗಳ ರಾಶಿ. ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಅರಿಶಿನದ ಬಟ್ಟಲಿನವರೆಗೂ ಹೋಗಿ ಕುಕ್ಕರಗಾಲಲ್ಲಿ ಕೂತಳು. ಬಟ್ಟಲು ಅಕ್ಬರಬಿಯ ಮಡಿಲಲ್ಲಿತ್ತು. ಮದುಮಗಳಿಗೆ ಹಚ್ಚಿ ಉಳಿದದ್ದನ್ನು ಅವಳು, ಬೇಗ ಮದುವೆಯಾಗಲೆಂದು, ಮದುವೆಯಾಗದ ಹುಡುಗಿಯರ ಕೆನ್ನೆಗೆ ಸರದಿಯಂತೆ ಸವರುತ್ತಿದ್ದಳು. ಅವರದು ಹದಿನಾರು, ಹದಿನೆಂಟರ ವಯಸ್ಸು.

"ಬಂದೀ? ಈ ಸಲ ಒಳಗ ಬಂದೀ," ಎಂದಳು ಅಕ್ಬರಬಿ. "ನಿನ್ನ ಗಂಡ ದುಬೈದಾಗ ಅದಾನಂತಲ್ಲ ಬೇಟಿ, ಯಾವಾಗ ಬರ್ತಾನ?"

ಸುತ್ತಲಿನವರು ತಿರುಗಿದರು. ಕ್ಯಾಮೆರಾ ಎತ್ತಿ ಮುಖಕ್ಕೆ ಹಿಡಿದುಕೊಂಡರೂ ಅಕ್ಬರಬಿ ದೂರ ಹೋಗಲಿಲ್ಲ; ಅವಳ ಎರಡೂ ಕಣ್ಣು ಅಲ್ಲೇ ಇದ್ದವು. ಗುಲಾಫಶಾ ಕ್ಯಾಮೆರಾ ಇಳಿಸಿದಳು.

"ದುಬೈದಾಗ ಯಾರೂ ಇಲ್ಲ ನಾನಿ. ನಂದು ಶಾದಿನ ಆಗಿಲ್ಲ. ನೋಡಾಕ ಬರತಿದ್ರು, ಆಮ್ಯಾಲ ಬರೂದ ಬಿಟ್ರು."

ಅಕ್ಬರಬಿ ಮುಂದಕ್ಕೆ ಬಾಗಿ ಅವಳ ಮುಖ ನೋಡಿದಳು.

"ಎಷ್ಟ ವರ್ಷ ನಿನಗ?"

"ಮೂವತ್ತೊಂಬತ್ತು."

ಅಕ್ಬರಬಿ ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದಳು.

"ಹಂಗಾದ್ರ ಮಾರಿ ಇತ್ತ ತಾ. ಸರದಿ ತಪ್ಪಸಬ್ಯಾಡ."

ಗುಲಾಫಶಾ ಲೆನ್ಸಿಗೆ ಕಲೆ ತಾಗದಂತೆ ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ, ಹುಡುಗಿಯರ ಸಾಲಿನ ಕೊನೆಯಲ್ಲಿ ಮುಖವೊಡ್ಡಿದಳು. ಅರಿಶಿನ ತಣ್ಣಗಿತ್ತು. ಅವಳ ಕೆನ್ನೆಯ ಮೇಲೆ ಆ ಮುದಿ ಕೈ ಇರುವಾಗಲೇ, ಬೆಳಗಿನಿಂದ ತಲೆ ಎತ್ತದಿದ್ದ ಶಬ್ರೀನ ಅವಳ ಕಡೆ ನೋಡಿ ಹಲ್ಲು ಕಾಣುವಂತೆ ನಕ್ಕಳು. ಕ್ಯಾಮೆರಾ ಬೆನ್ನ ಹಿಂದೆ ತೂಗುತ್ತಿತ್ತು.