ಅಪ್ಪನ ಸೈಕಲ್ಲಿನ ಅಚ್ಚು

ನನ್ನ ತಮ್ಮ ಅಮಿತನಿಗೆ ಗೊತ್ತಿರುವ ಔಷಧ ಒಂದೇ, ವೆಲ್ಡಿಂಗ್. ಗೇಟು ಮುರಿದರೆ ವೆಲ್ಡಿಂಗ್, ಟ್ರ್ಯಾಲಿಯ ಕೊಂಡಿ ಕಿತ್ತರೆ ವೆಲ್ಡಿಂಗ್, ದ್ರಾಕ್ಷಿ ತೋಟದ ಕಬ್ಬಿಣದ ಆ್ಯಂಗಲ್ ಬಾಗಿದರೂ ವೆಲ್ಡಿಂಗ್. ಸತ್ತಿ ಊರಿನ ನಮ್ಮ ಮನೆಯಲ್ಲಿ ಆ ಮಷೀನು ತಣ್ಣಗಾಗುವುದೇ ಇಲ್ಲ. ಮಾಡಿಕೊಳ್ಳಲಿ, ನನ್ನದೇನು ಹೋಗುತ್ತದೆ? ಆದರೆ ಅಪ್ಪನ ಸೈಕಲ್ಲಿಗೂ ಅದನ್ನೇ ಹಚ್ಚಿದ ಮೇಲೆ ನಾನು ಹೇಗೆ ಸುಮ್ಮನಿರಲಿ?

ಅಪ್ಪ ರಾವಸಾಹೇಬನಿಗೆ ಕೈಕಾಲು ನಡುಗುವ ರೋಗ. ನಡೆಯಲು ಹೋದರೆ ಮೂರನೇ ಹೆಜ್ಜೆಗೆ ಕಾಲುಗಳು ನೆಲಕ್ಕೆ ಅಂಟಿಬಿಡುತ್ತವೆ. ಹೊಸ್ತಿಲು ದಾಟಲು ಹತ್ತು ನಿಮಿಷ ಬೇಕು. ಅದೇ ಸೈಕಲ್ ಮೇಲೆ ಕೂರಿಸಿ ಒಮ್ಮೆ ತಳ್ಳಿದರೆ ಸಾಕು, ಹೊಳೆದಂಡೆಯ ತನಕ ಸರಾಗ ಹೋಗಿ ಬರುತ್ತಾನೆ. ಇಳಿಯುವಾಗ ಯಾರಾದರೂ ಹಿಡಿದರಾಯಿತು. ಇದೆಂಥ ವಿಚಿತ್ರ ಎಂದು ಮಿರಜಿನ ಡಾಕ್ಟರನ್ನು ಕೇಳಿದರೆ, "ಈ ರೋಗದಾಗ ಕೆಲವರಿಗೆ ಹಿಂಗ ಆಗ್ತೈತ್ರಿ, ಹೊಡೀಲಿ ಬಿಡ್ರಿ" ಎಂದಿದ್ದರು. ಬೇರೆ ಸೈಕಲ್ ಮಾತ್ರ ಆಗಿಬರುವುದಿಲ್ಲ. ಹೊಸದೊಂದನ್ನು ತಂದುಕೊಟ್ಟಾಗ ಅಂಗಳದಲ್ಲೇ ಬಿದ್ದು ಹಲ್ಲು ಮುರಿದುಕೊಂಡ. ಅವನ ಮೈಗೆ ಒಗ್ಗಿರುವುದು ನಮ್ಮಜ್ಜ ಪುಣೆಯಿಂದ ತಂದಿದ್ದ ವಿಲಾಯತಿ ಸೈಕಲ್ ಒಂದೇ.

ಶ್ರಾವಣದಲ್ಲಿ ಅದರ ಎರಡು ಪೆಡಲುಗಳ ನಡುವಿನ ಅಚ್ಚು ಕಟಕಟ ಎನ್ನತೊಡಗಿತು. ಅಥಣಿಯಲ್ಲಿ ನಾನು ಕಲಿಸುವ ಶಾಲೆಯ ಎದುರಿಗೇ ನೇಮಿನಾಥ ಮಾಮಾರ ಸೈಕಲ್ ಅಂಗಡಿ. ಅಲ್ಲಿಗೆ ಒಯ್ದೆ. ಅಚ್ಚನ್ನು ಎರಡೂ ಕಡೆಯಿಂದ ಹಿಡಿದಿಡುವ ಉಕ್ಕಿನ ಕಪ್‌ಗಳು ಸವೆದುಹೋಗಿದ್ದವು. ಮಾಮಾ ಹೊಸ ಕಪ್ ಒಂದನ್ನು ಇಟ್ಟು ಬೆರಳಲ್ಲೇ ತಿರುಗಿಸಿದರು. ಎರಡು ಸುತ್ತು ತಿರುಗಿ ಬಿಗಿಯಾಯಿತು. ಅವರು ತಕ್ಷಣ ಕೈಬಿಟ್ಟರು.

"ನೋಡ್ರಿ ಬಾಯಾರ, ನಮ್ಮ ಕಡೆ ಸಿಗೂ ಕಪ್ಪಿಗೆ ಇಂಚಿಗೆ ಇಪ್ಪತ್ನಾಕ ಥ್ರೆಡ್, ಅಂದ್ರ ತಿರುಪಿನ ಗೆರಿ. ಇದಕ್ಕ ಇಪ್ಪತ್ತಾರ. ನೋಡಾಕ ಎರಡೂ ಒಂದ ಥರಾ ಕಾಣತಾವ. ಜಬರದಸ್ತಿ ಮಾಡಿದ್ರ ಫ್ರೇಮಿನ ಒಳಗಿನ ಥ್ರೆಡ್ ಉಳಿಯಾಂಗಿಲ್ಲ. ಹಳೇ ಮಾಲ ಹುಡಕಬೇಕು, ತಡಾ ಆಗ್ತೈತಿ."

ಪೆಡಲಿಲ್ಲದ ಸೈಕಲ್ ಮನೆಗೆ ವಾಪಸಾಯಿತು. ಮಾಮಾ ಸಾಂಗ್ಲಿ, ಕೊಲ್ಹಾಪುರ ಎಲ್ಲ ಕೇಳಿ ನೋಡಿದರು. ಅಪ್ಪ ಎರಡು ತಿಂಗಳು ಮಂಚದ ಮೇಲೆ ಕೂತು, ನಾನು ಹೋದಾಗಲೆಲ್ಲ "ಬಂತೇನ?" ಎಂದು ಕೇಳಿದ. ಕೊನೆಗೆ ಆಯುಧಪೂಜೆಯ ಖಂಡೇನವಮಿಯ ಹಿಂದಿನ ಸಂಜೆ ಮಾಮಾ ನನ್ನ ಕೈಗೊಂದು ಪೊಟ್ಟಣ ಇಟ್ಟರು. ಪುಣೆಯಲ್ಲಿ ಯಾವುದೋ ಹಳೇ ಸೈಕಲ್ಲಿನಿಂದ ಬಿಚ್ಚಿದ ಅಚ್ಚು, ಇಪ್ಪತ್ತಾರು ಥ್ರೆಡ್ಡಿನ ಎರಡು ಕಪ್.

"ಪಾನಾ, ಹತ್ಯಾರ ಎಲ್ಲಾ ತೊಳದ ಪೂಜಾಕ್ಕ ಇಟ್ಟೇನ್ರಿ, ಇನ್ನ ಎತ್ತಾಂಗಿಲ್ಲ. ದಸರಾ ಬನ್ನಿ ಮುಗದ ಮರುದಿನಾ ಸತ್ತಿಗೆ ನಾನ ಬರ್ತೀನಿ. ಅಲ್ಲಿತನಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದರು. ಮಾಮಾರ ಈ ಮಾತನ್ನು ಆಗಲೇ ಅಮಿತನಿಗೆ ಫೋನ್ ಮಾಡಿ ತಿಳಿಸಿದೆ.

ನವಮಿಯ ಬೆಳಿಗ್ಗೆ ನಾನು ಊರಿಗೆ ಹೋಗುವಷ್ಟರಲ್ಲಿ ಅಂಗಳದಲ್ಲಿ ಟ್ರ್ಯಾಕ್ಟರು, ಬೊಲೆರೊ, ಔಷಧ ಹೊಡೆಯುವ ಮಷೀನು ಎಲ್ಲ ಚೆಂಡುಹೂ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಅಪ್ಪನ ಸೈಕಲ್. ಅದಕ್ಕೆ ಪೆಡಲುಗಳಿದ್ದವು!

"ಅರ್ಧಾ ಸೈಕಲ್ ಪೂಜಾಕ್ಕ ಇಟ್ರ ಮಂದಿ ಏನಂದಾರು?" ಎಂದ ಅಮಿತ. "ಪ್ಯಾಟ್ಯಾಗ ಕಪ್ ತಂದೆ. ಎರಡ ಸುತ್ತಿಗೆ ಬಿಗೀತು, ಪಾನಾಕ್ಕ ಪೈಪ ಹಾಕಿ ತಿರವಿದೆ. ಅಳ್ಳಾಡಾಕ ಹತ್ತಿತು. ಅದಕ್ಕ ಒಂದ ಟಾಕಾ ಹೊಡದೆ."

ಒಂದು ಟಾಕಾ ಅಂತೆ! ಕಪ್ಪಿನ ಸುತ್ತ ವೆಲ್ಡಿಂಗಿನ ಗಂಟುಗಳು, ಸುಟ್ಟು ಕರಿದಾದ ಬಣ್ಣ. ಪೆಡಲು ಕೈಯಲ್ಲಿ ತಿರುಗಿಸಿದರೆ ಮಿಸುಕಲಿಲ್ಲ. ಫೋಟೊ ತೆಗೆದು ನೇಮಿನಾಥ ಮಾಮಾರಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಒಳಗ ಎಲ್ಲಾ ಒಂದಾಗಿ ಕೂತೈತ್ರಿ. ಫ್ರೇಮ ಸುಟ್ಟೈತಿ. ಇನ್ನ ಯಾವ ಕಪ್ಪೂ ಕೂಡಾಂಗಿಲ್ಲ" ಎಂದರು. ಪೊಟ್ಟಣ ನನ್ನ ಚೀಲದಲ್ಲೇ ಇತ್ತು.

ಅಮಿತನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎರಡು ದಿನ ತಡೆಯಲಾಗಲಿಲ್ಲವೇ ಇವನಿಗೆ? ಅವ್ವ ಗಿರಿಜವ್ವ ಅಡ್ಡ ಬಂದು, "ಹಬ್ಬದ ದಿನಾ ಬಾಯಿ ತಗೀಬ್ಯಾಡವಾ" ಎಂದಳು. ಅವನು, "ಬನ್ನಿ ಮುಗೀಲಿ ಅಕ್ಕಾ, ಅಪ್ಪಗ ನಾನ ಹೇಳ್ತೀನಿ" ಎಂದು ಕೈಮುಗಿದ. ಪೂಜೆಗಿಟ್ಟ ಸೈಕಲ್ಲನ್ನು ಅಪ್ಪ ಮುಟ್ಟುವ ಹಾಗಿರಲಿಲ್ಲ. ಮಂಚದಿಂದಲೇ ಅದನ್ನು ನೋಡಿ ನೋಡಿ ನಗುತ್ತಿದ್ದ. ನಾನೂ ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಮರುದಿನ ಸಂಜೆ ಬನ್ನಿ. ಆ ದಿನ ಎಂಥ ಜಗಳವಿದ್ದರೂ ಬನ್ನಿ ಎಲೆ ಕೊಡಬೇಕು, ತೆಗೆದುಕೊಳ್ಳಬೇಕು. ಹೊಲದ ಬದುವಿಗಾಗಿ ಕೋರ್ಟು ಹತ್ತಿದವರೂ ಕೊಡುತ್ತಾರೆ. ಅಮಿತ ಬಂದು, "ಬಂಗಾರ ತಗೊಂಡ ಬಂಗಾರದಾಂಗ ಇರೂಣು ಅಕ್ಕಾ" ಎಂದ. ಹಲ್ಲು ಕಚ್ಚಿ ತೆಗೆದುಕೊಂಡೆ.

ಅಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು, ಜೇಬಿನ ತುಂಬ ಎಲೆ ತುಂಬಿಕೊಂಡು ಕೂತಿದ್ದ. ಪ್ರತಿ ವರ್ಷ ಸೈಕಲ್ ಮೇಲೆ ಊರೆಲ್ಲ ಸುತ್ತಿ ಬನ್ನಿ ಕೊಟ್ಟು ಬರುವವನು ಅವನು.

"ಅಮಿತ, ಸೈಕಲ್ ತಾ."

ನಾನು ಅಮಿತನ ಮುಖ ನೋಡಿದೆ. ಈಗಲಾದರೂ ಹೇಳಿಯಾನು ಎಂದುಕೊಂಡೆ. ಅವನು ಹೂಮಾಲೆ ತೆಗೆದು ಸೈಕಲ್ ತಂದ. ತೋಳು ಹಿಡಿದು ಅಪ್ಪನನ್ನು ಕೂರಿಸಿಯೂ ಬಿಟ್ಟ. ಅಪ್ಪ ಪೆಡಲು ಒತ್ತಿದ. ಅದು ಕದಲಲಿಲ್ಲ. ಕುತ್ತಿಗೆಯ ನರ ಉಬ್ಬುವ ಹಾಗೆ ಮತ್ತೊಮ್ಮೆ ಒತ್ತಿದ. ಆಮೇಲೆ ತನ್ನ ಮೊಣಕಾಲನ್ನು ಸುಮ್ಮನೆ ನೋಡುತ್ತ ಕೂತ.

"ಇಳಸ್ರಿ ನನ್ನ" ಎಂದ. "ಇದೂ ಹೋತು. ಕಾಲಾಗಿನ ಶಕ್ತಿನ ಹೋತು. ಡಾಕ್ಟರಗ ಹೇಳ್ರಿ."

ಅಮಿತ ಅವನನ್ನು ಇಳಿಸಿ ಕೂರಿಸಿ, ಜೇಬಿನಿಂದ ಮೊಬೈಲ್ ತೆಗೆದು ಡಾಕ್ಟರ ನಂಬರು ಹುಡುಕತೊಡಗಿದ!

ನನ್ನ ಮೈಯೆಲ್ಲ ಉರಿದುಹೋಯಿತು. ಮೊಬೈಲ್ ಕಿತ್ತುಕೊಂಡು ಕಟ್ಟೆಯ ಮೇಲೆ ಬಿಸಾಕಿದೆ. "ಅಪ್ಪಾ, ನಿನ್ನ ಕಾಲ ಗಟ್ಟಿ ಅದಾವ. ಸೈಕಲ್ ಸುಟ್ಟಾನ ಇವ. ತಾಳ್ರಿ ಅಂದ್ರೂ ತಾಳಲಿಲ್ಲ. ನನಗ ನಿನ್ನೇನ ಗೊತ್ತಾಗಿತ್ತು, ನಾನೂ ಹೇಳಲಿಲ್ಲ" ಎಂದು ಕೂಗಿದೆ.

ಅಪ್ಪ ಬಗ್ಗಿ ವೆಲ್ಡಿಂಗಿನ ಗಂಟುಗಳನ್ನು ಬೆರಳಿಂದ ಮುಟ್ಟಿ ನೋಡಿದ. ಆಮೇಲೆ ಜೇಬಿನ ಎಲೆಗಳನ್ನೆಲ್ಲ ತೆಗೆದು ನನ್ನ ಸೆರಗಿಗೆ ಹಾಕಿದ.

"ಊರಾಗ ನೀ ಕೊಟ್ಟ ಬಾ. ರಾವಸಾಹೇಬ ಯಾಕ ಬರಲಿಲ್ಲ ಅಂತ ಕೇಳಿದವರಿಗೆ ಖರೇ ಹೇಳ."

ಅಮಿತ ಮುಂದೆ ಬಂದು ಕೈ ಚಾಚಿದ. ಅಪ್ಪ ಅವನಿಗೆ ಬನ್ನಿ ಕೊಡಲಿಲ್ಲ.